ಅವ್ವನ ಕೋಳಿಗೂಡು

ನಮ್ಮ ಮನೆಯಲ್ಲಿ ಕಾಫಿಯ ಲೆಕ್ಕ ಅಪ್ಪನದು, ಕೋಳಿಯ ಲೆಕ್ಕ ಅವ್ವನದು. ಮೊಟ್ಟೆ ಮಾರಿದ ಕಾಸು ಸಾಸಿವೆ ಡಬ್ಬಿ ಸೇರುತ್ತಿತ್ತು. ನನ್ನ ಶಾಲೆಯ ಪುಸ್ತಕಗಳು ಬಂದದ್ದು ಆ ಡಬ್ಬಿಯಿಂದಲೇ. ಕೊಡಗಿನಲ್ಲಿ ಕೋಳಿ ನೆಂಟರ ಊಟಕ್ಕಷ್ಟೇ ಅಲ್ಲ, ಗುರುಕಾರಣರಿಗೆ ಎಡೆ ಇಡುವ ದಿನಕ್ಕೂ ಬೇಕು.

ಒಂದು ಬೇಸಿಗೆ ಕೊಕ್ಕರೆ ರೋಗ ಬಂತು. ಎರಡು ಕೋಳಿ ಕತ್ತು ತಿರುಚಿಕೊಂಡು ತೂಕಡಿಸತೊಡಗಿದಾಗ ಅವ್ವ ಉಳಿದವನ್ನು ಬುಟ್ಟಿಗೆ ತುಂಬಿ ಸಂತೆಗೆ ಕಳಿಸಿದಳು. ಒಂದೆರಡನ್ನು ಕೆಳಮನೆಯವರೂ ಕೊಂಡರು. ಸತ್ತವನ್ನು ನಾನೇ ತೋಡಿಗೆ ಎಸೆದೆ. ಕೆಲವೇ ದಿನಗಳಲ್ಲಿ ಕೆಳಮನೆಯ ಗೂಡು, ಲೈನ್ ಮನೆಗಳ ಗೂಡು ಎಲ್ಲವೂ ಖಾಲಿ. ರೋಗ ಗಾಳಿಯಲ್ಲಿ ಬಂತೆಂದು ಜನ ಅಂದರು. ಅವ್ವ ಏನೂ ಅನ್ನಲಿಲ್ಲ.

ಹಕ್ಕಿಜ್ವರ ಬೇರೆಯೇ ರೋಗ. ಕೊಕ್ಕರೆ ರೋಗದ ಲಸಿಕೆ ಅದಕ್ಕೆ ನಾಟದು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅದು 18 ಜನರಿಗೆ ತಗಲಿ 6 ಮಂದಿ ತೀರಿಕೊಂಡರು. 2006ರಲ್ಲಿ ಮಹಾರಾಷ್ಟ್ರದ ನವಾಪುರದ ಮೂಲಕ ನಮ್ಮ ದೇಶಕ್ಕೆ ಕಾಲಿಟ್ಟಿತು. 2012ರಲ್ಲಿ ಹೆಸರಘಟ್ಟದ ಸರ್ಕಾರಿ ಕೇಂದ್ರದ ಟರ್ಕಿ ಕೋಳಿಗಳಲ್ಲಿ, 2020ರಲ್ಲಿ ಪಕ್ಕದ ಮೈಸೂರಿನಲ್ಲಿ ಕಾಣಿಸಿತು. 2021ರ ಜನವರಿಯಲ್ಲಿ ಕೇರಳದ ಬಾತುಕೋಳಿಗಳಲ್ಲಿ ಕಂಡಾಗ ಕೊಡಗಿನ ಗಡಿಯಲ್ಲೂ ತಪಾಸಣೆ ನಡೆಯಿತು.

ರೋಗ ಬೇರೆಯಾದರೂ ಅವು ಊರೂರು ಸುತ್ತುವ ದಾರಿ ಹೆಚ್ಚುಕಡಿಮೆ ಒಂದೇ: ಹಿಕ್ಕೆ, ನೀರು, ಬುಟ್ಟಿ, ನಮ್ಮ ಚಪ್ಪಲಿ. ಹಕ್ಕಿಜ್ವರವನ್ನು ವಲಸೆ ಬರುವ ಕಾಡು ಬಾತುಗಳೂ ಹೊತ್ತು ತರುತ್ತವೆ. ಆದ್ದರಿಂದ ಕೋಳಿಯನ್ನೂ ಬಾತುಕೋಳಿಯನ್ನೂ ಒಂದೇ ಗೂಡಿಗೆ ಹಾಕಬಾರದು. ಕಾಳು, ನೀರು ಹೊರಗಿನ ಹಕ್ಕಿಗಳಿಗೆ ಎಟುಕದಂತೆ ಸೂರಿನ ಕೆಳಗಿರಲಿ. ಸಂತೆಯಿಂದ ತಂದ ಕೋಳಿ ಎರಡು ವಾರ ಬೇರೆಯಾಗಿರಲಿ. ಗೂಡು ಮುಟ್ಟಿದ ಕೈಗೆ ಸಾಬೂನು ಬೇಕೇ ಬೇಕು. ಚೆನ್ನಾಗಿ ಬೆಂದ ಕೋಳಿಸಾರಿಗೆ ಹೆದರಬೇಕಿಲ್ಲ. ಆದರೆ ಸೀಕಾದ, ಸತ್ತ ಕೋಳಿ ಅಡುಗೆಮನೆಯ ಹೊಸಿಲು ದಾಟಬಾರದು. ನಾಲ್ಕಾರು ಕೋಳಿ ಒಟ್ಟಿಗೆ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಮಕ್ಕಳನ್ನು ದೂರವಿಟ್ಟು, ಪಶು ಆಸ್ಪತ್ರೆಗೆ ತಿಳಿಸಬೇಕು.

ತಿಳಿಸಿದರೆ ಇದ್ದದ್ದನ್ನೂ ಕೊಲ್ಲುತ್ತಾರೆಂಬ ಭಯ ಹೆಂಗಸರಿಗೆ ಸಹಜ. ಆ ಕಾಸು ಅವಳೊಬ್ಬಳದೇ. ಹಕ್ಕಿಜ್ವರ ಖಚಿತವಾದಾಗ ಸರ್ಕಾರ ಕೊಲ್ಲಿಸುವ ಕೋಳಿಗೆ ಪರಿಹಾರವಿದೆ. ಮೊದಲೇ ಸತ್ತದ್ದಕ್ಕೆ ಇಲ್ಲ. ಮುಚ್ಚಿಟ್ಟಷ್ಟೂ ನಷ್ಟ ನಮ್ಮದೇ.

ಅವ್ವನನ್ನು ನಾನು ದೂರಲಾರೆ. ಇದನ್ನು ಅವಳಿಗೆ ಹೇಳಿದವರು ಯಾರೂ ಇರಲಿಲ್ಲ. ಆದರೂ ತನ್ನ ಡಬ್ಬಿಯ ಕಾಸು ಉಳಿಸಿಕೊಳ್ಳಲು ಹೋಗಿ ನಾಲ್ಕು ಮನೆಯ ಹೆಂಗಸರ ಡಬ್ಬಿ ಬರಿದಾಯಿತೆಂಬುದು ಅವಳಿಗೆ ಗೊತ್ತಿತ್ತು. ಮುಂದಿನ ಮಳೆಗಾಲ ಮರಿಗಳಾದಾಗ ಅವ್ವ ಎರಡೆರಡು ಮರಿ ಮಡಿಲಲ್ಲಿಟ್ಟುಕೊಂಡು ಆ ನಾಲ್ಕೂ ಮನೆಗೆ ಹೋಗಿ ಕೊಟ್ಟು ಬಂದಳು.