ಹಡಗಲಿ, ಹರಪನಹಳ್ಳಿ ಜನಗಣತಿಯಲ್ಲಿ ಕಾಣುವ ‘ಹಿಂದಿ’ ಯಾರ ಮಾತು?

ಜನಗಣತಿ ಪಟ್ಟಿಯ ಸ್ಕ್ರೀನ್‌ಶಾಟ್ ಹಾಕಿ, ‘ನಮ್ಮ ತಾಲ್ಲೂಕಿನಲ್ಲೂ ಹಿಂದಿಯವರು ತುಂಬಿಕೊಂಡರು’ ಎಂಬ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಇಲ್ಲಿ ಯಾರು ಹೆಚ್ಚು?

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕನ್ನಡ ಮಾತೃಭಾಷೆಯವರೇ ಹೆಚ್ಚು. ಮದ್ರಾಸ್ ರಾಜ್ಯದಲ್ಲಿದ್ದ ಈ ಭಾಗ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ್ದೂ ಇದೇ ಕಾರಣಕ್ಕೆ. ಕನ್ನಡದ ಜೊತೆಗೆ ಉರ್ದು, ತೆಲುಗು, ಲಂಬಾಣಿ ಮನೆಮಾತಿನವರೂ ಇಲ್ಲಿದ್ದಾರೆ.

ಹಾಗಾದರೆ ‘ಹಿಂದಿ’ ಎಲ್ಲಿಂದ ಬಂತು?

ಜನಗಣತಿ ಇಲಾಖೆ ಹಲವು ಮಾತೃಭಾಷೆಗಳನ್ನು ಒಂದು ದೊಡ್ಡ ಭಾಷೆಯ ಹೆಸರಿನಡಿ ಸೇರಿಸುತ್ತದೆ. 2011ರಲ್ಲಿ ದೇಶದ ಒಟ್ಟು ‘ಹಿಂದಿ’ ಲೆಕ್ಕ ಸುಮಾರು 52.8 ಕೋಟಿ. ಇದರಲ್ಲಿ ಹಿಂದಿ ಎಂದೇ ಬರೆಸಿದವರು ಸುಮಾರು 32.2 ಕೋಟಿ ಮಾತ್ರ. ಉಳಿದದ್ದು ಭೋಜಪುರಿ, ರಾಜಸ್ಥಾನಿ ಮುಂತಾದವು. ಸುಮಾರು 32.8 ಲಕ್ಷ ಜನರ ಲಮಾಣಿ/ಲಂಬಾಡಿ ಕೂಡ ಇದರಲ್ಲೇ ಸೇರಿದೆ.

ಅಂದರೆ ನಮ್ಮೂರಿನ ಪಕ್ಕದ ತಾಂಡಾದವರು ‘ಲಂಬಾಣಿ’ ಎಂದು ಬರೆಸಿದರೂ ಒಟ್ಟು ಲೆಕ್ಕದಲ್ಲಿ ಹಿಂದಿಯವರಾಗಿ ಕಾಣುತ್ತಾರೆ. ಇವರ ಹಿರಿಯರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದ ವ್ಯಾಪಾರಿಗಳು. ಇವರ ಮಾತು ರಾಜಸ್ಥಾನಿಗೆ ಹತ್ತಿರವಾದದ್ದು, ಸ್ವಂತ ಲಿಪಿ ಇಲ್ಲ. ನಮ್ಮಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಹೊರಗೆ ಕನ್ನಡವನ್ನೇ ಆಡುತ್ತಾರೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ್ದಾರೆ.

ಭಾಷೆ ನೋಡಿ ಸಮುದಾಯ ಹೇಳಬಹುದೇ?

ಇಲ್ಲ. ‘ಕನ್ನಡ’ ಎಂಬ ಒಂದೇ ಕಾಲಂನಲ್ಲಿ ಲಿಂಗಾಯತರು, ವಾಲ್ಮೀಕಿ ನಾಯಕರು, ಕುರುಬರು, ಮಾದಿಗರು ಎಲ್ಲರೂ ಇದ್ದಾರೆ. 2011ರ ಜನಗಣತಿ ಮಾತೃಭಾಷೆ, ಧರ್ಮ ಮತ್ತು ಪರಿಶಿಷ್ಟ ಜಾತಿ, ಪಂಗಡಗಳ ಲೆಕ್ಕ ಕೊಡುತ್ತದೆಯೇ ಹೊರತು ‘ಜನಾಂಗ’ದ ಲೆಕ್ಕ ಕೊಡುವುದಿಲ್ಲ.

ನೀವೇ ಪರಿಶೀಲಿಸುವುದು ಹೇಗೆ?

ಜನಗಣತಿ ವೆಬ್‌ಸೈಟಿನಲ್ಲಿ ‘ಸಿ-16’ ಎಂಬ ಮಾತೃಭಾಷೆ ಪಟ್ಟಿ ತೆರೆಯಿರಿ. ‘ಹಿಂದಿ’ಯ ಒಟ್ಟು ಅಂಕಿಗೇ ನಿಲ್ಲದೆ, ಅದರ ಕೆಳಗಿನ ಸಾಲುಗಳಲ್ಲಿ ಲಮಾಣಿ/ಲಂಬಾಡಿ ಹುಡುಕಿ. ಒಂದು ಎಚ್ಚರಿಕೆ: 2011ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು, ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನೊಳಗಿತ್ತು. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ.

ಪಟ್ಟಿಯಲ್ಲಿನ ಅಂಕಿ ಸುಳ್ಳಲ್ಲ, ಅದಕ್ಕೆ ಕೊಟ್ಟ ಅರ್ಥ ತಪ್ಪು. ಅಂಥ ಮೆಸೇಜ್ ಹಂಚಿದರೆ, ತಲೆಮಾರುಗಳಿಂದ ಇಲ್ಲೇ ಇರುವ ನೆರೆಯವರನ್ನೇ ಹೊರಗಿನವರು ಎಂದಂತಾಗುತ್ತದೆ.