ಅಭಿವೃದ್ಧಿ ನಿಧಿಯೂ ನಮ್ಮೂರ ಗೋದಾಮೂ: ಒಂದು ಹಿನ್ನೋಟ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಹಿಂಜರಿದೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಪೆನ್ನು ಹಿಡಿದದ್ದಕ್ಕಿಂತ ಕೂರಿಗೆ ಹಿಡಿದದ್ದೇ ಹೆಚ್ಚು. ಆದರೆ ನಮ್ಮ ಕಾರ್ಯದರ್ಶಿಗಳು, "ಗೋದಾಮಿನ ಫೈಲು ಹೊತ್ತು ತಿರುಗಿದವರು ನೀವು, ನೀವೇ ಬರೀರಿ" ಎಂದು ಪಟ್ಟು ಹಿಡಿದರು. ಹಿರಿಯರು ತಪ್ಪಿದ್ದರೆ ತಿದ್ದಬೇಕು.

ಪ್ರತಿ ವರ್ಷದ ಮಹಾಸಭೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಹಿಂದುಳಿದ ಸೀಮೆ ಅಂತ ಸರಕಾರ ಸಾವಿರಾರು ಕೋಟಿ ಕೊಡ್ತದಂತ, ನಮ್ಮ ಸಂಘಕ್ಕ ಒಂದು ರೂಪಾಯಿ ಯಾಕ ಬರಂಗಿಲ್ಲ?" ಕೇಳುವವರ ತಪ್ಪಿಲ್ಲ. ನಾನೂ ಹುಡುಗನಿದ್ದಾಗ ಹಾಗೇ ಕೇಳುತ್ತಿದ್ದೆ. ಈ ರೊಕ್ಕ ಎಲ್ಲಿಂದ ಹೊರಡುತ್ತದೆ, ಯಾವ ದಾರಿ ಹಿಡಿದು ಬರುತ್ತದೆ, ಸಂಘವಾಗಲಿ ಸಣ್ಣ ಉದ್ಯೋಗ ಮಾಡುವವನಾಗಲಿ ಅದನ್ನು ಬಂಡವಾಳಕ್ಕೆ ಹೇಗೆ ಹಚ್ಚಿಕೊಳ್ಳಬಹುದು ಎಂಬುದಕ್ಕೆ ಒಂದು ಇತಿಹಾಸವಿದೆ. ಅದನ್ನು ನಾನು ತಿಳಿದುಕೊಂಡಷ್ಟು ಬರೆಯುತ್ತೇನೆ.

ಮೊದಲು ಸರಕಾರ ರೈತನಿಗೆ ಕೊಡುತ್ತಿದ್ದದ್ದು ತಕಾವಿ ಸಾಲ. ಬ್ರಿಟಿಷರು 1883ರಲ್ಲಿ ಬಾವಿ, ಒಡ್ಡುಗಳಿಗಾಗಿ ಒಂದು ಕಾಯ್ದೆ, 1884ರಲ್ಲಿ ಬೀಜ, ಎತ್ತುಗಳಿಗಾಗಿ ಇನ್ನೊಂದು ಕಾಯ್ದೆ ಮಾಡಿದರು. ಬರಗಾಲ ಬಿದ್ದಾಗ ಸರಕಾರ ಸಾಲ ಕೊಡುವುದು, ಕಂದಾಯದ ಜೊತೆ ವಸೂಲಿ ಮಾಡುವುದು. ಊರಿನವರ ಪಾಲು ಅದರಲ್ಲಿ ಏನೂ ಇರಲಿಲ್ಲ. 1904ರಲ್ಲಿ ಸಹಕಾರ ಕಾಯ್ದೆ ಬಂದ ಮೇಲೆ ಈ ವಿಚಾರವೇ ಬದಲಾಯಿತು. ಮರುವರ್ಷ, ಅಂದರೆ 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘವನ್ನು ನಾವೆಲ್ಲರೂ ಅಭಿಮಾನದಿಂದ ನೆನೆಯುತ್ತೇವೆ. ಅಲ್ಲಿ ಮೊದಲು ಊರಿನವರ ಷೇರು ಹಣ ಬಿತ್ತು, ಆಮೇಲೆ ಹೊರಗಿನ ಹಣ. ನಮ್ಮ ನಿಜಾಮ ಸೀಮೆಗೆ ಸಹಕಾರ ಕಾಯ್ದೆ ಬಂದದ್ದು ತಡವಾಗಿ, 1914ರಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ರಿಜರ್ವ್ ಬ್ಯಾಂಕಿನವರು 1951-52ರಲ್ಲಿ ದೇಶದ ಹಳ್ಳಿಗಳ ಸಾಲದ ಸಮೀಕ್ಷೆ ಮಾಡಿಸಿದರು. ಎ. ಡಿ. ಗೋರವಾಲಾ ಅವರ ಸಮಿತಿಯ ವರದಿ 1954ರಲ್ಲಿ ಹೊರಬಂತು. ರೈತ ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಬರೀ 3.1, ಸರಕಾರದ ಪಾಲು 3.3! ಹೆಚ್ಚಿನದೆಲ್ಲ ಸಾವುಕಾರರದು. ಐವತ್ತು ವರ್ಷ ಸಹಕಾರ ಚಳವಳಿ ನಡೆಸಿದ ಮೇಲೆ ಸಿಕ್ಕ ಲೆಕ್ಕ ಇದು. ಸರಕಾರವೇ ಸಂಘಗಳಲ್ಲಿ ಷೇರು ಹಾಕಿ ಪಾಲುದಾರನಾಗಬೇಕು, ಸಾಲದ ಜೊತೆಗೆ ಗೋದಾಮು, ಮಾರಾಟ ಎರಡೂ ಕೂಡಬೇಕು ಎಂದು ಆ ಸಮಿತಿ ಹೇಳಿತು. 1956ರಲ್ಲಿ ಸಹಕಾರ ಅಭಿವೃದ್ಧಿ ಮತ್ತು ಉಗ್ರಾಣ ಮಂಡಳಿ, 1963ರಲ್ಲಿ ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮ, 1982ರಲ್ಲಿ ನಬಾರ್ಡ್ ಬಂದದ್ದೆಲ್ಲ ಇದೇ ದಾರಿಯಲ್ಲಿ. ಗೋದಾಮಿಲ್ಲದ ಸಂಘ ಅರ್ಧ ಸಂಘ ಎಂದು ಅವರು 1954ರಲ್ಲೇ ಕಂಡುಕೊಂಡಿದ್ದರು. ನಮಗೆ ಅದು ತಿಳಿಯಲು ಐವತ್ತು ವರ್ಷ ಹಿಡಿಯಿತು ನೋಡಿ.

ಇನ್ನು ಕೈಗಾರಿಕೆಯವರ ಮಾತು. 1971ರಲ್ಲಿ ಕೇಂದ್ರ ಸರಕಾರ ಹಿಂದುಳಿದ ಜಿಲ್ಲೆಗಳಲ್ಲಿ ಕಾರಖಾನೆ ಹಾಕುವವರಿಗೆ ಬಂಡವಾಳದ ಮೇಲೆ ನೂರಕ್ಕೆ 10ರಂತೆ ಸಹಾಯಧನ ಕೊಡಲು ಶುರು ಮಾಡಿತು. ಆಮೇಲೆ ಅದು 15 ಆಯಿತು, ಕೈಗಾರಿಕೆಯೇ ಇಲ್ಲದ ಜಿಲ್ಲೆಗಳಿಗೆ 25ರ ತನಕ ಹೋಯಿತು. 1988ರಲ್ಲಿ ನಿಂತಿತು. ಇದರ ಫಲ ಯಾರು ಉಂಡರು? ಬೆಂಗಳೂರಿನ ಮಗ್ಗುಲಿಗೇ ಇರುವ ಹೊಸೂರನ್ನು ನೋಡಿದರೆ ಗೊತ್ತಾಗುತ್ತದೆ. ಅದು ಆಗ ತಮಿಳುನಾಡಿನ ಧರ್ಮಪುರಿ ಎಂಬ ಹಿಂದುಳಿದ ಜಿಲ್ಲೆಗೆ ಸೇರಿತ್ತು. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್. ಪಟ್ಟಣದ ಎಲ್ಲ ಅನುಕೂಲ ಒಂದು ಕಡೆ, ಹಿಂದುಳಿದ ಸೀಮೆಯ ರಿಯಾಯಿತಿ ಇನ್ನೊಂದು ಕಡೆ. ಅಲ್ಲಿಯ ಸರಕಾರವೂ ಜಾಗ ಹದ ಮಾಡಿ ಕೊಟ್ಟಿತು, ದೊಡ್ಡ ದೊಡ್ಡ ಕಂಪನಿಗಳು ಬಂದವು. ರಿಯಾಯಿತಿ ಎಷ್ಟೇ ಕೊಟ್ಟರೂ ರಸ್ತೆ, ನೀರು, ಕರೆಂಟು ಇಲ್ಲದ ಊರಿಗೆ ಯಾರೂ ಬರುವುದಿಲ್ಲ, ನಮ್ಮ ಕಡೆಗೆ ಬರಲಿಲ್ಲ. ಇದನ್ನು ನಾನು ದೂರು ಎಂದು ಬರೆಯುತ್ತಿಲ್ಲ. ಬಂಡವಾಳ ಹಾಕುವವನು ಲೆಕ್ಕ ನೋಡಿಯೇ ಹಾಕುತ್ತಾನೆ, ನಾವಾದರೂ ಅಷ್ಟೇ.

ನಮ್ಮ ಸೀಮೆಯ ಕೂಗು ಬೇರೆ ರೀತಿಯಲ್ಲಿ ಎದ್ದಿತು. ಧರ್ಮಸಿಂಗ್ ಅವರ ಸಮಿತಿ 1981ರಲ್ಲಿ ವರದಿ ಕೊಟ್ಟಿತು, 1991ರಲ್ಲಿ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾಯ್ದೆ ಆಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು ನೋಡಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವೇ. ಅರ್ಧಕ್ಕಿಂತ ಹೆಚ್ಚು! ಮುಂದೆ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371 ಜೆ ಕಲಂ ಸೇರಿತು, 2013ರಲ್ಲಿ ಜಾರಿಗೆ ಬಂತು. 2019ರಲ್ಲಿ ನಮ್ಮ ಸೀಮೆಯ ಹೆಸರು ಕಲ್ಯಾಣ ಕರ್ನಾಟಕವಾಯಿತು. ಮಂಡಳಿಗೆ 2022-23ರಲ್ಲಿ 3,000 ಕೋಟಿ, 2023-24ರಲ್ಲಿ 5,000 ಕೋಟಿ ಎಂದು ಬಜೆಟ್ಟಿನಲ್ಲಿ ಘೋಷಣೆಯಾಯಿತು.

ಮಹಾಸಭೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಂಡಳಿಯ ರೊಕ್ಕ ಹೆಚ್ಚಾಗಿ ರಸ್ತೆ, ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಇಂಥ ಸಾರ್ವಜನಿಕ ಕೆಲಸಕ್ಕೆ ಹೋಗುತ್ತದೆ. ಸಂಘದ ಖಾತೆಗೆ ಬಂದು ಬೀಳುವುದಿಲ್ಲ. ಹಾಗಾದರೆ ನಮಗೆ ಉಪಯೋಗವಿಲ್ಲವೇ? ಇದೆ. ಊರಿನಿಂದ ದೊಡ್ಡ ರಸ್ತೆಗೆ ಕೂಡುವ ದಾರಿ ಮಳೆಗಾಲದಲ್ಲಿ ಹೇಗಿತ್ತು ಎಂದು ನಮ್ಮ ವಯಸ್ಸಿನವರಿಗೆ ನೆನಪಿದೆ. ಎರೆ ಮಣ್ಣಿನಲ್ಲಿ ಬಂಡಿ ಗಾಲಿ ಅಚ್ಚಿನ ತನಕ ಹೂತು ಹೋಗುತ್ತಿತ್ತು. ಅಂಥಲ್ಲಿ ಗೋದಾಮು ಕಟ್ಟಿದ್ದರೂ ಲಾರಿ ಬಾರದೆ ಖಾಲಿ ನಿಲ್ಲುತ್ತಿತ್ತು. ಡಾಂಬರು ಬಿದ್ದ ಮೇಲೆಯೇ ನಮ್ಮ ಜಾಗಕ್ಕೆ ಬೆಲೆ ಬಂತು. ಸರಕಾರದ ಒಂದು ರೊಕ್ಕ ಹೀಗೆ ಬಯಲಲ್ಲಿ ಬಿದ್ದಿರುತ್ತದೆ, ಅದರ ಮಗ್ಗುಲಿಗೆ ನಾವು ನಮ್ಮ ಬಂಡವಾಳ ಹೂಡಬೇಕು. ಇನ್ನೊಂದು ರೊಕ್ಕ ಸಾಲದ ಬೆನ್ನಿಗೆ ಬರುತ್ತದೆ. ಈ ಎರಡನೆಯದರಲ್ಲಿಯೇ ನಾವು ಎಡವಿದ್ದು.

2001ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರದ ಗ್ರಾಮೀಣ ಭಂಡಾರ ಯೋಜನೆ ಜಾರಿಗೆ ಬಂತು. ರೈತರು, ಸಹಕಾರ ಸಂಘದವರು ಗೋದಾಮು ಕಟ್ಟಿದರೆ ವೆಚ್ಚದಲ್ಲಿ ನೂರಕ್ಕೆ 25 ಸಹಾಯಧನ. ನಮ್ಮ ಸಂಘ ಆಗ ಮೂರು ವರ್ಷದ ಕೂಸು. ಸುಗ್ಗಿಯಲ್ಲಿ ತೊಗರಿ ಎಲ್ಲರ ಕಣದಿಂದಲೂ ಒಮ್ಮೆಗೇ ಗಂಜಿಗೆ ಹೋಗಿ ಬೀಳುವುದು, ಅಡತಿಯವರು ಹೇಳಿದ್ದೇ ದರ. ನಾಲ್ಕು ತಿಂಗಳು ತಡೆದು ಮಾರಿದರೆ ಚಲೋ ದರ ಸಿಗುವುದು ಎಲ್ಲರಿಗೂ ಗೊತ್ತು, ಇಡಲು ಜಾಗವೆಲ್ಲಿ? ಮನೆಯಲ್ಲಿಟ್ಟರೆ ಹುಳ ಬೀಳುತ್ತದೆ. ಆಗಿನ ನಿರ್ದೇಶಕರಲ್ಲಿ ನಮ್ಮ ತಂದೆಯೂ ಒಬ್ಬರು. 2003ರಲ್ಲಿ ಮನೆ ಮನೆಗೆ ಹೋಗಿ ಐನೂರು, ಸಾವಿರ ಎಂದು ಷೇರು ಕೂಡಿಸಿದರು. ಕೆಲವು ತಾಯಂದಿರು ಎಮ್ಮೆಯ ಹಾಲಿನ ರೊಕ್ಕ ತಂದು ಕೊಟ್ಟರು. ಹುಮ್ಮಸ್ಸಿನಲ್ಲಿ ಒಂದು ಒಳ್ಳೆಯ ದಿನ ನೋಡಿ ಗುದ್ದಲಿ ಪೂಜೆ ಮಾಡಿ ಬುನಾದಿ ಹಾಕಿಯೇಬಿಟ್ಟರು. ಕೆಲಸ ಶುರುವಾದದ್ದು ನೋಡಿದರೆ ಸಾಹೇಬರು ಬೇಗ ಮಂಜೂರು ಮಾಡುತ್ತಾರೆ ಎಂಬ ಭೋಳೆ ನಂಬಿಕೆ.

ಆಮೇಲೆ ಅರ್ಜಿ ಹೊತ್ತು ಬ್ಯಾಂಕಿಗೆ ಹೋದರು. ನಾನು ಮೋಟರ್ ಸೈಕಲ್ ಮೇಲೆ ಅಪ್ಪನನ್ನು ಕೂರಿಸಿಕೊಂಡು ಹೋಗಿದ್ದೆ. ಅಲ್ಲಿದ್ದ ಅಧಿಕಾರಿ ಸಾವಧಾನವಾಗಿಯೇ ಹೇಳಿದರು: "ಗೌಡ್ರೇ, ಇದು ಸಾಲಕ್ಕೆ ಜೋಡಿಸಿದ ಸಬ್ಸಿಡಿ. ಮೊದಲು ಯೋಜನಾ ವರದಿ, ಆಮೇಲೆ ಸಾಲದ ಮಂಜೂರಾತಿ, ಆಮೇಲೆ ಕೆಲಸ. ನೀವು ತಿರುವು ಮುರುವು ಮಾಡೀರಿ. ಈಗ ನಾನೇನು ಮಾಡ್ಲಿ?" ಇನ್ನೊಂದು ಸಂಗತಿಯೂ ಅಂದೇ ತಿಳಿಯಿತು. ಸಬ್ಸಿಡಿ ಎಂದರೆ ಕೈಗೆ ಕೊಡುವ ರೊಕ್ಕವಲ್ಲ. ಬ್ಯಾಂಕಿನಲ್ಲಿ ಸಾಲಗಾರನ ಹೆಸರಿನ ಬೇರೆ ಖಾತೆಯಲ್ಲಿ ಅದು ಕೂತಿರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಬೀಳುವುದಿಲ್ಲ, ಕಂತು ಕಟ್ಟುತ್ತ ಬಂದು ಕೊನೆಗೆ ಅದು ಸಾಲಕ್ಕೆ ಜಮಾ ಆಗುತ್ತದೆ. ನಮ್ಮವರು ಆ ಸಬ್ಸಿಡಿಯಲ್ಲೇ ಗೋಡೆ ಎಬ್ಬಿಸುವ ಲೆಕ್ಕ ಹಾಕಿದ್ದರು!

ಬುನಾದಿ ಹಾಗೇ ಉಳಿಯಿತು. ಅದರ ಮೇಲೆ ಜಾಲಿ ಬೆಳೆಯಿತು. ಊರಲ್ಲಿ ಮಾತು ಬೇರೆ ಥರ ಬೆಳೆಯಿತು. "ಷೇರಿನ ರೊಕ್ಕ ನಿರ್ದೇಶಕರು ತಿಂದ್ರು" ಎಂದು ಕಟ್ಟೆಯ ಮೇಲೆ ಕೂತವರು ಅಂದರು. ಮುಂದಿನ ಮಹಾಸಭೆಯಲ್ಲಿ ಅಪ್ಪ ಎದ್ದು ನಿಂತು ಕಲ್ಲು ಎಷ್ಟು, ಉಸುಕು ಎಷ್ಟು, ಗೌಂಡಿಗೆ ಕೊಟ್ಟ ಕೂಲಿ ಎಷ್ಟು ಎಂದು ಪಾವತಿ ಸಮೇತ ಓದಿ ಹೇಳಿದರು. ಯಾರೂ ಎದುರು ಮಾತಾಡಲಿಲ್ಲ. ಆದರೆ ಅಪ್ಪ ಮುಂದಿನ ಚುನಾವಣೆಗೆ ನಿಲ್ಲಲಿಲ್ಲ. ಆ ಜಾಲಿಯ ಮುಂದೆ ಹಾದು ಹೊಲಕ್ಕೆ ಹೋಗುವುದನ್ನೂ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದರು. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಸಂಘದ ಇತಿಹಾಸ ಎಂದ ಮೇಲೆ ಇದೂ ಇರಲಿ.

ನಾನು ನಿರ್ದೇಶಕನಾದ ಮೇಲೆ, 2020ರ ಆಗಸ್ಟಿನಲ್ಲಿ, ಕೃಷಿ ಮೂಲಸೌಕರ್ಯ ನಿಧಿ ಜಾರಿಗೆ ಬಂತು. ದೇಶಕ್ಕೆಲ್ಲ ಒಂದು ಲಕ್ಷ ಕೋಟಿ ರೂಪಾಯಿಯ ಸಾಲದ ಯೋಜನೆ. ಇದರಲ್ಲಿ ಸರಕಾರ ಕಟ್ಟಡಕ್ಕೆ ರೊಕ್ಕ ಕೊಡುವುದಿಲ್ಲ. ಎರಡು ಕೋಟಿಯ ತನಕದ ಸಾಲಕ್ಕೆ ಏಳು ವರ್ಷ ನೂರಕ್ಕೆ 3ರ ಬಡ್ಡಿ ತಾನು ಹೊರುತ್ತದೆ. ಯೋಜನೆಯ ವೆಚ್ಚದಲ್ಲಿ ನೂರಕ್ಕೆ 10 ಆದರೂ ನಮ್ಮ ಸ್ವಂತದ್ದು ಇರಬೇಕು. ನಮ್ಮಂಥ ಪತ್ತಿನ ಸಂಘಗಳಿಗೆ ನಬಾರ್ಡಿನ ಹಣ ಶೇಕಡಾ 4ಕ್ಕೆ ಸಿಗುವ ಏರ್ಪಾಡಾಯಿತು. ಅದರಲ್ಲಿ 3 ಸರಕಾರ ಹೊತ್ತರೆ ನಮಗೆ ಉಳಿದದ್ದು ಶೇಕಡಾ 1 ಮಾತ್ರ.

ಸದಸ್ಯರಿಗೆ ತಿಳಿಯಲೆಂದು ಒಂದು ಲೆಕ್ಕ ಬಿಡಿಸುತ್ತೇನೆ. ಗೋದಾಮಿಗೆ 40 ಲಕ್ಷ ಬೇಕು ಎಂದು ಇಟ್ಟುಕೊಳ್ಳಿ. 4 ಲಕ್ಷ ನಮ್ಮ ಷೇರು ಮತ್ತು ಲಾಭದ ಹಣ, 36 ಲಕ್ಷ ಸಾಲ. ಶೇಕಡಾ 4ರಂತೆ ಮೊದಲ ವರ್ಷದ ಬಡ್ಡಿ 1,44,000. ಶೇಕಡಾ 1ರಂತೆ 36,000. ಉಳಿತಾಯ ಒಂದೇ ವರ್ಷಕ್ಕೆ 1,08,000 ರೂಪಾಯಿ. ಸರಕಾರ ನಮ್ಮ ಕೈಗೆ ಒಂದು ರೂಪಾಯಿ ಕೊಡಲಿಲ್ಲ, ಆದರೂ ಲಕ್ಷ ರೂಪಾಯಿ ಉಳಿಯಿತು. ಆದರೆ ಅಸಲು ಮಾತ್ರ ನಮ್ಮದೇ, ಗೋದಾಮು ತುಂಬಿದರೂ ಖಾಲಿ ಇದ್ದರೂ ಕಂತು ಕಟ್ಟಲೇಬೇಕು. ಅದಕ್ಕೇ ನಾವು ಮೊದಲು ಮಾಡಿದ ಕೆಲಸ ಎಂದರೆ, ಯಾವ ಸದಸ್ಯ ಎಷ್ಟು ಚೀಲ ಇಡುತ್ತಾನೆ, ಚೀಲಕ್ಕೆ ಎಷ್ಟು ಬಾಡಿಗೆ ಕೊಡುತ್ತಾನೆ ಎಂದು ಮನೆ ಮನೆಗೆ ಹೋಗಿ ಪುಸ್ತಕದಲ್ಲಿ ಬರೆಸಿ ರುಜು ಹಾಕಿಸಿಕೊಂಡದ್ದು. ಆ ಪುಸ್ತಕ ನೋಡಿಯೇ ಬ್ಯಾಂಕಿನವರಿಗೆ ಧೈರ್ಯ ಬಂತು ಎಂದು ನನ್ನ ಅಭಿಪ್ರಾಯ. ಜಾಗದ ಉತಾರ, ನಕ್ಷೆ, ಲೆಕ್ಕ ಪರಿಶೋಧನೆಯ ವರದಿ, ಮಹಾಸಭೆಯ ಠರಾವು, ಇವೆಲ್ಲ ಕೂಡಿಸಲು ಎಂಟು ತಿಂಗಳು ಹಿಡಿಯಿತು. "ಯಾವಾಗ ಶುರು ಮಾಡ್ತೀರಿ?" ಎಂದು ಜನ ಕೇಳುತ್ತಲೇ ಇದ್ದರು. ಮಂಜೂರಾತಿ ಪತ್ರ ಕೈಗೆ ಬರುವ ತನಕ ಒಂದು ಬುಟ್ಟಿ ಮಣ್ಣೂ ತೆಗೆಯಲಿಲ್ಲ.

ಹಳೆಯ ಬುನಾದಿಯ ಮೇಲೆಯೇ ಕಟ್ಟಬೇಕೆಂಬ ಆಸೆ ನನಗಿತ್ತು. ಎಂಜಿನಿಯರ್ ನೋಡಿ, ಎರೆ ಮಣ್ಣಿಗೆ ಇಷ್ಟು ಆಳ ಸಾಲದು, ತೆಗೆಯಬೇಕು ಎಂದರು. ತೆಗೆದೆವು. ಆ ಕಲ್ಲುಗಳನ್ನು ಬಿಸಾಡದೆ ಲಾರಿ ನಿಲ್ಲುವ ಕಡೆ ಚೀಲ ಏರಿಸುವ ಕಟ್ಟೆಗೆ ಬಳಸಿದ್ದೇವೆ. 2023ರ ಸುಗ್ಗಿಗೆ ಮೊದಲ ಚೀಲ ಒಳಗೆ ಹೋಯಿತು. ಅಪ್ಪನೂ ಬಂದಿದ್ದರು. ಹಮಾಲರಿಗೆ, "ಗೋಡೆಗೆ ಹಚ್ಚಿ ಇಡಬ್ಯಾಡ್ರೋ, ಗಾಳಿ ಆಡಲಿ" ಎಂದು ಹೇಳುತ್ತ ಸಂಜೆಯ ತನಕ ಅಲ್ಲೇ ಇದ್ದರು.

ಗೋದಾಮು ಬಂದ ಮೇಲೆ ಎಲ್ಲರೂ ಸಾವುಕಾರರಾದರು ಎಂದು ಬರೆದರೆ ಸುಳ್ಳಾಗುತ್ತದೆ. ತಡೆದು ಮಾರಿದ ಎಲ್ಲ ವರ್ಷವೂ ದರ ಏರುವುದಿಲ್ಲ. ಇಳಿದಾಗ ನನ್ನನ್ನು ಬೈದವರೂ ಇದ್ದಾರೆ. ಆದರೆ ಇಟ್ಟ ಮಾಲಿನ ಮೇಲೆ ಸಂಘದಲ್ಲಿ ಅಡವು ಸಾಲ ಸಿಗುವುದರಿಂದ ಮಗಳ ಮದುವೆ, ದವಾಖಾನೆಯ ಖರ್ಚು ಎಂದು ಸುಗ್ಗಿಯ ವಾರವೇ ಮಾರುವ ಪ್ರಸಂಗ ತಪ್ಪಿದೆ.

ನಮಗಿಂತ ಮುಂದೆ ಹೋದವರೂ ಇದ್ದಾರೆ. ಸಹಕಾರ ಸಂಘಗಳಲ್ಲಿಯೇ ಧಾನ್ಯ ಸಂಗ್ರಹ ಮಾಡುವ ಯೋಜನೆಗೆ ಕೇಂದ್ರ ಸರಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿತು. 2024ರ ಫೆಬ್ರುವರಿಯಲ್ಲಿ ಹನ್ನೊಂದು ರಾಜ್ಯಗಳ ಹನ್ನೊಂದು ಸಂಘಗಳಲ್ಲಿ ಮಾದರಿ ಗೋದಾಮು ಉದ್ಘಾಟನೆಯಾದವು. ಕರ್ನಾಟಕದಿಂದ ಆಯ್ಕೆಯಾದದ್ದು ನಮ್ಮ ಪಕ್ಕದ ಬೀದರ ಜಿಲ್ಲೆಯ ಏಕಂಬಾ ಗ್ರಾಮದ ಸಂಘ, ಸಾಮರ್ಥ್ಯ ಸಾವಿರ ಟನ್. ಬಡ್ಡಿ ರಿಯಾಯಿತಿ ಒಂದು ಯೋಜನೆಯಿಂದ, ಸಹಾಯಧನ ಇನ್ನೊಂದು ಯೋಜನೆಯಿಂದ, ಹೀಗೆ ಎರಡನ್ನೂ ಒಂದೇ ಕಟ್ಟಡಕ್ಕೆ ಜೋಡಿಸಿಕೊಳ್ಳಲು ಆ ಯೋಜನೆಯಲ್ಲಿ ಅವಕಾಶವಿದೆ. ಕಿರು ಆಹಾರ ಸಂಸ್ಕರಣೆಗೆಂದು 2020ರಲ್ಲಿ ಬಂದ ಪ್ರಧಾನಮಂತ್ರಿ ಯೋಜನೆಯಲ್ಲಿ ಕೇಂದ್ರದ್ದು ನೂರಕ್ಕೆ 35, ಅದರ ಮೇಲೆ ನಮ್ಮ ರಾಜ್ಯ 15 ಸೇರಿಸಿ ಅರ್ಧದಷ್ಟು, 15 ಲಕ್ಷದ ಮಿತಿಯಲ್ಲಿ ಸಹಾಯಧನ ಕೊಟ್ಟಿತು. ಅದೂ ಸಾಲದ ಬೆನ್ನಿಗೇ ಬರುವಂಥದ್ದು. ಸಣ್ಣ ಬೇಳೆ ಮಿಲ್ಲು ಹಾಕುತ್ತೇವೆ ಎನ್ನುವ ನಮ್ಮೂರ ಹುಡುಗರು ಇಂಥ ಯೋಜನೆಗಳ ಆಯಾ ವರ್ಷದ ನಿಯಮ ಕೇಳಿ ತಿಳಿದುಕೊಂಡೇ ಹೆಜ್ಜೆ ಇಡಬೇಕು. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿದೆ. ಆದರೂ ನಾವು ಇಂದಿಗೂ ಹೆಚ್ಚಾಗಿ ಕಾಳನ್ನೇ ಮಾರುತ್ತಿದ್ದೇವೆ.

ಆದ್ದರಿಂದ ನಮ್ಮ ಸಂಘ ಈಗ ತೊಗರಿ ಸ್ವಚ್ಛ ಮಾಡಿ ವಿಂಗಡಿಸುವ ಯಂತ್ರಕ್ಕೆ ಅರ್ಜಿ ಹಾಕಿದೆ. ಫೈಲು ಬ್ಯಾಂಕಿನಲ್ಲಿದೆ. ಮಂಜೂರಾತಿ ಪತ್ರ ಕೈಗೆ ಬರುವ ತನಕ ಯಂತ್ರದ ಕಂಪನಿಯವರಿಗೆ ಒಂದು ರೂಪಾಯಿ ಮುಂಗಡ ಕೊಡಬಾರದು ಎಂದು ಕಳೆದ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಠರಾವು ಬರೆದು ಎಲ್ಲ ನಿರ್ದೇಶಕರೂ ರುಜು ಹಾಕಿದ್ದೇವೆ.