ಬೀಗರ ಮನೆಯಿಂದ ಕಂಡ ಕಲ್ಯಾಣ

ನಾವು ಬಿ.ಎ. ಓದುವಾಗ ‘ತಲೆದಂಡ’ ಪಾಠ ಮಾಡಿದ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಹೆಸರು ಬರೆದರು: ಬಸವಣ್ಣ, ಬಿಜ್ಜಳ. ನಡುವೆ ಗೆರೆ ಎಳೆದು, ನಾಟಕ ಅಂದರೆ ಇಷ್ಟೇ ಕಣ್ರಯ್ಯ ಅಂದರು. ಪರೀಕ್ಷೆಗೂ ಅದೇ ಬಂತು. ಬರೆದೆವು, ಪಾಸಾದೆವು. ಹರಳಯ್ಯನ ಬಗ್ಗೆ ಟಿಪ್ಪಣಿ ಬರೆಯಿರಿ ಅಂತ ಯಾರೂ ಕೇಳಲಿಲ್ಲ. ಎಕ್ಕಡ ಹೊಲೆಯೋ ಮನೆಯಿಂದ ಬಂದ ನಾವಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಗಿರೀಶ ಕಾರ್ನಾಡರ ಈ ನಾಟಕ ಬಂದದ್ದು 1990ರಲ್ಲಿ. ಮಂಡಲ್, ಮಂದಿರ ಅಂತ ದೇಶ ಕುದಿಯುತ್ತಿದ್ದ ಕಾಲ. ಕಥೆ 12ನೇ ಶತಮಾನದ ಕಲ್ಯಾಣದ್ದು, ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಚಾಲುಕ್ಯರ ಸಿಂಹಾಸನ ಕಿತ್ತುಕೊಂಡು ಕೂತ ಕಳಚುರಿ ಬಿಜ್ಜಳ, ಅವನ ಭಂಡಾರ ನೋಡಿಕೊಳ್ಳುವ ಬಸವಣ್ಣ. ಸರಿ. ಆದರೆ ಊರಿಗೆ ಬೆಂಕಿ ಬಿದ್ದದ್ದು ಇವರಿಬ್ಬರ ಜಗಳದಿಂದಲ್ಲ. ಸಮಗಾರ ಹರಳಯ್ಯನ ಮಗ ಶೀಲವಂತನಿಗೆ, ಬ್ರಾಹ್ಮಣನಾಗಿದ್ದು ಶರಣನಾದ ಮಧುವರಸ ತನ್ನ ಮಗಳು ಕಲಾವತಿಯನ್ನು ಕೊಡಲು ಹೊರಟದ್ದರಿಂದ. ಬೀಗತನದಿಂದ.

ಜೊತೆಗೆ ಕೂತು ಉಣ್ಣೋದು ಬೇರೆ, ಹೆಣ್ಣು ಕೊಟ್ಟು ತರೋದು ಬೇರೆ. ಸಭೆಯಲ್ಲಿ ‘ಅಯ್ಯಾ’ ಅಂದ ನಾಲಗೆ ‘ಬೀಗರೇ’ ಅನ್ನಬೇಕಾದಾಗ ತೊದಲುತ್ತದೆ. ಸ್ವತಃ ಬಸವಣ್ಣನೇ ಮೊದಲು ಹಿಂಜರಿಯುತ್ತಾನೆ. ಕಾರ್ನಾಡರು ಅದನ್ನು ಮುಚ್ಚಿಡಲಿಲ್ಲ, ಒಪ್ಪೋಣ. ಹುಡುಗಿಯ ತಾಯಿ ಲಲಿತಾಂಬೆಗೆ ತೊಗಲಿನ ಚಿಂತೆ. ಹುಡುಗನ ತಾಯಿ ಕಲ್ಯಾಣಿಯೂ ಅಲ್ಲೇ ಇದ್ದಾಳೆ. ಅವಳ ಎದೆಬಡಿತ ಬೋರ್ಡಿನ ಮೇಲಿನ ಗೆರೆಗೆ ಕೇಳಿಸುವಂಥದಲ್ಲ.

ಬಿಜ್ಜಳನನ್ನೂ ಈ ಮನೆಯ ಹೊಸ್ತಿಲಲ್ಲಿ ನಿಂತೇ ನೋಡಬೇಕು. ನಾಟಕದ ಬಿಜ್ಜಳ ಹುಟ್ಟಿನಿಂದ ಕ್ಷೌರಿಕ. (ಚರಿತ್ರೆಯ ಬಿಜ್ಜಳನ ಮಾತು ಬೇರೆ.) ದುಡ್ಡು ಸುರಿದು ಕ್ಷತ್ರಿಯನಾದರೂ, ತನ್ನ ಹುಟ್ಟನ್ನು ನೆನೆಯದೆ ತನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರು ಶರಣರು ಮಾತ್ರ ಅಂತ ಅವನಿಗೆ ಗೊತ್ತು. ಬಸವಣ್ಣನ ಜೊತೆ ಅವನ ಸ್ನೇಹದ ಬೇರು ಇಲ್ಲಿದೆ, ಬರೀ ರಾಜಕಾರಣದಲ್ಲಿಲ್ಲ. ಅವನ ಮಗ ಸೋವಿದೇವನಿಗೆ ಆ ಗಾಯ ಗೊತ್ತಿಲ್ಲ. ದಾಮೋದರಭಟ್ಟನ ಮಾತು ಕೇಳಿ ಅಪ್ಪನನ್ನೇ ಕೂಡಿಹಾಕುತ್ತಾನೆ.

ನಾಟಕ ಶುರುವಾಗೋದು ಬ್ರಾಹ್ಮಣರ ಬೀದಿಯಲ್ಲಿ. ಅಲ್ಲಿ ಜಗದೇವ ತನ್ನ ಗೆಳೆಯ ಮಲ್ಲಿಬೊಮ್ಮನನ್ನು, ಚರ್ಮ ಹದ ಮಾಡುವವರ ಹುಡುಗನನ್ನು, ಮನೆಯೊಳಗೆ ಬಾ ಅಂತ ಒತ್ತಾಯ ಮಾಡುತ್ತಾನೆ. ಅವನು ಹಿಂಜರಿಯುತ್ತಾನೆ. ಜಗದೇವನಿಗೆ ಅದು ಹಠ. ಮಲ್ಲಿಬೊಮ್ಮನಿಗೆ ಬೆನ್ನಿನ ಚರ್ಮದ ಪ್ರಶ್ನೆ. ಒದೆ ಬೀಳೋದು ಯಾರಿಗೆ ಅಂತ ನಮ್ಮ ಕೇರಿಯ ಹುಡುಗರಿಗೆ ಹೇಳಿಕೊಡಬೇಕಿಲ್ಲ. ಮುಂದೆ ಇದೇ ಜಗದೇವ ಬಿಜ್ಜಳನನ್ನು ಕೊಲ್ಲುತ್ತಾನೆ. ಮೊದಲ ದೃಶ್ಯದ ಹಠಕ್ಕೂ ಕೊನೆಯ ಕತ್ತಿಗೂ ನಂಟಿದೆ.

ಹರಳಯ್ಯ ಮಾತ್ರ ನಮಗಿನ್ನೂ ಪೂರ್ತಿ ಸಿಕ್ಕಿಲ್ಲ. ಲಂಕೇಶರ ‘ಸಂಕ್ರಾಂತಿ’ಯಲ್ಲಿ ಮಗ ಶರಣನಾದದ್ದಕ್ಕೆ ಕಿಡಿಯಾಗುವ ಉಜ್ಜ ಇದ್ದಾನೆ. ಆ ಮುದುಕನಿಗೆ ಬಾಯಿದೆ. ಕಾರ್ನಾಡರ ಹರಳಯ್ಯ ಬಲು ಒಳ್ಳೆಯವನು. ಅಷ್ಟು ಒಳ್ಳೆಯವನಾದರೆ ಸಾಯೋದೊಂದೇ ಅವನಿಗೆ ಉಳಿಯೋ ಕೆಲಸ. ಸಾಯುತ್ತಾನೆ. ಮಧುವರಸನೂ ಸಾಯುತ್ತಾನೆ. ಸಾವಿನಲ್ಲಿ ಬೀಗರು ಸಮ ಆದರು.

ಹೋದ ಸಲ ಊರಿಗೆ ಹೋದಾಗ ಈ ಕಥೆಯನ್ನು ನಮ್ಮಪ್ಪನಿಗೆ ಹೇಳಿದೆವು. ಕೈಯಲ್ಲಿ ಉಳಿ ಹಿಡಿದೇ ಕೇಳಿಸಿಕೊಂಡ. ರಾಜನ ಸುದ್ದಿ ಅವನಿಗೆ ಬೇಕಾಗಿರಲಿಲ್ಲ.

‘ಅದಿರ್ಲಿ, ಆ ಹೆಣ್ಮಗು ಹೊಲಿಯೋದು ಕಲೀತಾ?’ ಅಂದ.